ಬೀದಿಯ ಫಲಕಗಳನ್ನು ತಿದ್ದುವಲ್ಲಿ ನಿವಾಸಿಗಳ ಪಾಲು

ನಗರದ ಬೀದಿಗಳಲ್ಲಿ ನಿಲ್ಲಿಸಿರುವ ಫಲಕಗಳ ವಿಷಯದಲ್ಲಿ ಒಂದು ಮೂಲಭೂತ ತೊಡಕಿದೆ. ದಾರಿ ಗೊತ್ತಿರುವವರು ಫಲಕದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ದಾರಿ ಗೊತ್ತಿಲ್ಲದೆ ಫಲಕವನ್ನೇ ನಂಬಿ ಬಂದವರಾದರೋ, ಅದು ಕೈಕೊಟ್ಟಾಗ ಯಾರನ್ನೋ ಕೇಳಿ, ಒಂದೆರಡು ಸುತ್ತು ಹೆಚ್ಚಾಗಿ ಹಾಕಿ, ಹೇಗೋ ತಲುಪಬೇಕಾದ ಜಾಗವನ್ನು ತಲುಪುತ್ತಾರೆ ಮತ್ತು ಕೆಲಸ ಮುಗಿಸಿ ಹೊರಟುಹೋಗುತ್ತಾರೆ. ಹೀಗಾಗಿ ಮರದ ಕೊಂಬೆಯ ಹಿಂದೆ ಮರೆಯಾದ ನಾಮಫಲಕವೊಂದು ವರ್ಷಗಟ್ಟಲೆ ಹಾಗೆಯೇ ಉಳಿಯಬಲ್ಲದು. ಆ ಬೀದಿಯವರಿಗೆ ಅದರ ಅಗತ್ಯವಿಲ್ಲ, ಅಗತ್ಯವಿದ್ದವರು ದೂರು ಕೊಡಲು ಅಲ್ಲಿ ಉಳಿದಿರುವುದಿಲ್ಲ.

ಆದರೆ ಈ ಎರಡು ಗುಂಪುಗಳು ಸಂಧಿಸುವ ಒಂದು ಗಳಿಗೆ ಇದೆ. ದಾರಿ ತಪ್ಪಿದವರು ವಾಹನ ನಿಲ್ಲಿಸಿ, ಗಾಜು ಇಳಿಸಿ, ಎದುರಿಗೆ ಸಿಕ್ಕ ನಿವಾಸಿಯನ್ನು ದಾರಿ ಕೇಳುವ ಗಳಿಗೆ ಅದು. ಬೀದಿಯ ಮೂಲೆಯಲ್ಲಿ ದಿನವಿಡೀ ಕುಳಿತಿರುವ ವ್ಯಕ್ತಿಗೆ ಯಾವ ಪ್ರಶ್ನೆ ದಿನಕ್ಕೆ ಹತ್ತು ಸಲ ಬರುತ್ತದೆ, ಯಾವ ತಿರುವಿನಲ್ಲಿ ವಾಹನಗಳು ಅನುಮಾನಿಸುತ್ತ ನಿಧಾನವಾಗುತ್ತವೆ, ಯಾವ ಅಡ್ಡರಸ್ತೆಗೆ ಹೊಕ್ಕವರು ಮತ್ತೆ ಹಿಂದಕ್ಕೆ ಬರುತ್ತಾರೆ ಎಂಬುದೆಲ್ಲ ಬಾಯಿಪಾಠವಾಗಿರುತ್ತದೆ. ಕವಲುದಾರಿಯಲ್ಲಿ ಕೈ ಚಾಚಿ ನಿಂತು ದಾರಿ ತೋರುವ ಕಂಬಕ್ಕೆ ಕನ್ನಡದಲ್ಲಿ ಕೈಮರ ಎಂಬ ಸೊಗಸಾದ ಮಾತಿದೆ. ಕೈಮರ ಎಲ್ಲಿರಬೇಕೋ ಅಲ್ಲಿ ಇಲ್ಲದಿದ್ದಾಗ ಆ ಕೆಲಸವನ್ನು ಮಾಡುತ್ತಿರುವವರು ಈ ನಿವಾಸಿಗಳೇ. ಫಲಕಗಳನ್ನು ಉತ್ತಮಪಡಿಸುವ ಕೆಲಸದಲ್ಲಿ ಅವರನ್ನು ಸೇರಿಸಿಕೊಳ್ಳಬೇಕೆಂದು ಹೇಳುವುದು ಈ ಕಾರಣಕ್ಕೆ. ಬಣ್ಣ ಯಾವುದಿರಬೇಕು, ಅಕ್ಷರ ಹೇಗಿರಬೇಕು ಎಂದು ಅವರನ್ನು ಕೇಳುವುದು ಇದರ ಮುಖ್ಯ ಉದ್ದೇಶವಲ್ಲ. ಪ್ರಶ್ನೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಅವರಷ್ಟು ಖಚಿತವಾಗಿ ಬೇರೆ ಯಾರೂ ಹೇಳಲಾರರು.

ಮೊದಲು ಫಲಕಗಳೆಂದರೆ ಏನೇನು ಎಂಬುದನ್ನು ಬಿಡಿಸಿಕೊಳ್ಳಬೇಕು, ಏಕೆಂದರೆ ಎಲ್ಲ ಫಲಕಗಳಲ್ಲೂ ನಿವಾಸಿಗಳಿಗೆ ಒಂದೇ ಬಗೆಯ ಪಾಲಿರುವುದಿಲ್ಲ. ‘ನಿಲ್ಲಿ’, ‘ಪ್ರವೇಶವಿಲ್ಲ’, ವೇಗಮಿತಿ ಮುಂತಾದವು ಕಾನೂನಿನ ಬಲವುಳ್ಳ ಆದೇಶಗಳು. ಮುಂದಿನ ತಿರುವನ್ನೋ ಶಾಲೆಯನ್ನೋ ಸೂಚಿಸುವವು ಎಚ್ಚರಿಕೆಗಳು. ಇವುಗಳ ಆಕಾರ, ಬಣ್ಣ, ಚಿತ್ರಗಳು ಒಂದು ಬೀದಿಯಿಂದ ಇನ್ನೊಂದಕ್ಕೆ ಬದಲಾಗುವಂತಿಲ್ಲ. ಹಲವು ದೇಶಗಳಲ್ಲಿ ಇವು 1968ರಲ್ಲಿ ವಿಯೆನ್ನಾದಲ್ಲಿ ಆದ ರಸ್ತೆ ಚಿಹ್ನೆಗಳ ಅಂತರರಾಷ್ಟ್ರೀಯ ಒಪ್ಪಂದವನ್ನು ಅನುಸರಿಸುತ್ತವೆ. ಚಾಲಕನೊಬ್ಬ ಚಿಹ್ನೆಯನ್ನು ಓದಿ ಅರ್ಥ ಮಾಡಿಕೊಳ್ಳುವ ಮೊದಲೇ ಗುರುತಿಸಬೇಕಾದ್ದರಿಂದ ಇಲ್ಲಿ ಏಕರೂಪತೆಯೇ ಸುರಕ್ಷತೆ. ಒಂದು ಬಡಾವಣೆಯವರು ಸೇರಿ ತಮ್ಮದೇ ಸುಂದರವಾದ ‘ನಿಲ್ಲಿ’ ಫಲಕವನ್ನು ರೂಪಿಸಿದರೆ ಅದು ಎಷ್ಟೇ ಪ್ರೀತಿಯಿಂದ ಮಾಡಿದ್ದಾದರೂ ಅಪಾಯಕಾರಿ. ಆದರೆ ಆ ಫಲಕ ಇರಬೇಕಾದ ಜಾಗದಲ್ಲಿದೆಯೇ, ಕಾಣಿಸುತ್ತಿದೆಯೇ, ಅದನ್ನು ಹಾಕಿದ ಕಾರಣ ಇನ್ನೂ ಉಳಿದಿದೆಯೇ ಎಂದು ಹೇಳುವ ಅರ್ಹತೆ ಅದೇ ಬಡಾವಣೆಯವರಿಗೆ ಪೂರ್ತಿಯಾಗಿ ಇದೆ.

ಬೀದಿಯ ನಾಮಫಲಕಗಳು, ದಿಕ್ಕು ತೋರಿಸುವ ಫಲಕಗಳು, ಪಾದಚಾರಿಗಳಿಗಾಗಿ ನಿಲ್ಲಿಸುವ ನಕ್ಷೆಗಳು ಇನ್ನೊಂದು ಬಗೆಯವು. ಇಲ್ಲಿ ಯಾವ ಹೆಸರು ಬರೆಯಬೇಕು, ಯಾವ ಸ್ಥಳವನ್ನು ತೋರಿಸಬೇಕು, ಎಷ್ಟು ಭಾಷೆಗಳಿರಬೇಕು ಎಂಬ ತೀರ್ಮಾನಗಳೆಲ್ಲ ಊರಿನೊಳಗಿಂದಲೇ ಬರಬೇಕಾದವು. ನಿವಾಸಿಗಳ ಪಾಲು ಅತಿ ಹೆಚ್ಚಾಗಿರುವುದು ಇಲ್ಲಿ. ಈ ಗಡಿಯನ್ನು ಮೊದಲ ಸಭೆಯಲ್ಲೇ ಸ್ಪಷ್ಟಪಡಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಯಾವುದು ಚರ್ಚೆಗೆ ತೆರೆದಿದೆ, ಯಾವುದು ಇಲ್ಲ ಎಂಬುದನ್ನು ಹೇಳದೆ ಜನರ ಅಭಿಪ್ರಾಯ ಕೇಳಿ, ಕೊನೆಗೆ ‘ನಿಯಮ ಒಪ್ಪುವುದಿಲ್ಲ’ ಎಂದು ಎಲ್ಲವನ್ನೂ ಬದಿಗಿಟ್ಟರೆ ಆ ಜನರು ಇನ್ನೊಮ್ಮೆ ಸಭೆಗೆ ಬರುವುದಿಲ್ಲ.

ನಿವಾಸಿಗಳ ತಲೆಯಲ್ಲಿರುವ ನಗರವನ್ನು ಹೊರತೆಗೆಯುವುದು ಹೇಗೆಂಬುದಕ್ಕೆ ದಾರಿ ತೋರಿದವರಲ್ಲಿ ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಪ್ರಮುಖರು. 1960ರಲ್ಲಿ ಪ್ರಕಟವಾದ ಅವರ ಅಧ್ಯಯನಕ್ಕಾಗಿ ಬಾಸ್ಟನ್, ಜರ್ಸಿ ಸಿಟಿ ಮತ್ತು ಲಾಸ್ ಏಂಜಲೀಸ್ ನಗರಗಳ ಕೆಲವರನ್ನು ದೀರ್ಘವಾಗಿ ಮಾತನಾಡಿಸಿ, ತಮ್ಮ ಊರಿನ ನಕ್ಷೆಯನ್ನು ನೆನಪಿನಿಂದ ಬರೆಯುವಂತೆ ಕೇಳಲಾಯಿತು. ಬಾಸ್ಟನ್ನಿನಲ್ಲಿ ಸುಮಾರು ಮೂವತ್ತು ಮಂದಿ, ಉಳಿದೆರಡು ನಗರಗಳಲ್ಲಿ ತಲಾ ಹದಿನೈದು ಮಂದಿ, ಸಂಖ್ಯೆ ದೊಡ್ಡದಲ್ಲ. ಆದರೂ ಜನರು ನಗರವನ್ನು ದಾರಿಗಳು, ಅಂಚುಗಳು, ಪ್ರದೇಶಗಳು, ಕೂಡುವ ಜಾಗಗಳು ಮತ್ತು ಎದ್ದು ಕಾಣುವ ಗುರುತುಗಳು ಎಂಬ ಐದು ಅಂಶಗಳಿಂದ ಕಟ್ಟಿಕೊಳ್ಳುತ್ತಾರೆ ಎಂಬುದು ಆ ಕೈಬರಹದ ನಕ್ಷೆಗಳಿಂದ ಹೊರಬಿತ್ತು. ಈ ವಿಧಾನವನ್ನು ಯಾವ ನಗರದಲ್ಲಾದರೂ ಒಂದು ಸಂಜೆಯಲ್ಲಿ ಬಳಸಬಹುದು. ಇಪ್ಪತ್ತು ಮಂದಿ ಬರೆದ ನಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟಾಗ ಎಲ್ಲರೂ ಬರೆದ ಗುರುತು ಯಾವುದು, ಯಾರೂ ಬರೆಯದ ಬೀದಿ ಯಾವುದು ಎಂಬುದು ಕಣ್ಣಿಗೆ ಕಟ್ಟುತ್ತದೆ. ಎಲ್ಲರೂ ಬರೆದದ್ದನ್ನು ಫಲಕ ಹೆಸರಿಸಬೇಕು, ಯಾರೂ ಬರೆಯದ ಕಡೆ ಫಲಕದ ಅಗತ್ಯವೇ ಹೆಚ್ಚು.

ಒಳಗಿನವರ ಜ್ಞಾನ ಎಷ್ಟು ಗಟ್ಟಿಯೋ ಹೊರಗಿನವರಿಗೆ ಅಷ್ಟೇ ದುರ್ಗಮ ಎಂಬುದನ್ನೂ ಮರೆಯುವಂತಿಲ್ಲ. ಕೋಸ್ಟಾರಿಕಾದಲ್ಲಿ ವಿಳಾಸಗಳನ್ನು ಬೀದಿಯ ಹೆಸರಿನಿಂದ ಹೇಳುವ ರೂಢಿ ಕಡಿಮೆ. ಗೊತ್ತಿರುವ ಒಂದು ಗುರುತಿನಿಂದ ಇಷ್ಟು ಮೀಟರ್ ಈ ದಿಕ್ಕಿಗೆ ಎಂದು ಹೇಳುತ್ತಾರೆ. ರಾಜಧಾನಿ ಸ್ಯಾನ್ ಹೋಸೆಯ ಭಾಗದಲ್ಲಿ ಇಂದಿಗೂ ವಿಳಾಸದ ಗುರುತಾಗಿ ಬಳಕೆಯಲ್ಲಿರುವ ಒಂದು ಹಳೆಯ ಮರ ಎಂದೋ ಕಾಣೆಯಾಗಿದೆ. ಅಲ್ಲಿನವರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ, ಹೊಸಬರಿಗೆ ಮಾತ್ರ ಇಲ್ಲದ ಮರವನ್ನು ಹುಡುಕುವ ಪಾಡು. 2012ರಲ್ಲಿ ಅಲ್ಲಿನ ನಗರಾಡಳಿತ ಬೀದಿಗಳಿಗೆ ನಾಮಫಲಕ ಹಾಕುವ ದೊಡ್ಡ ಕೆಲಸಕ್ಕೆ ಕೈಹಾಕಿತು. ನಿವಾಸಿಗಳನ್ನು ಮಾತ್ರ ಕೇಳಿ ಫಲಕ ಹಾಕಿದರೆ ಇಂಥ ಇಲ್ಲದ ಮರಗಳೇ ಫಲಕದ ಮೇಲೆ ಬರುವ ಸಂಭವವಿದೆ. ಆದ್ದರಿಂದ ಪ್ರತಿ ನಿವಾಸಿಯ ಜೊತೆಗೂ ಆ ಭಾಗಕ್ಕೆ ಹೊಸಬರಾದ ಒಬ್ಬರನ್ನು ಸೇರಿಸಬೇಕು. ನಗರದ ಇನ್ನೊಂದು ತುದಿಯವರಾದರೂ ಸಾಕು.

ಇಂಥ ಜೋಡಿಗಳು ಒಟ್ಟಿಗೆ ನಡೆದು ನೋಡುವುದೇ ಈ ಇಡೀ ಪ್ರಕ್ರಿಯೆಯ ಜೀವಾಳ. ಕ್ರಮ ಸರಳವಾಗಿದೆ. ಹೊಸಬರಿಗೆ ಒಂದು ಗುರಿಯನ್ನು ಹೇಳಿ, ಕೈಯಲ್ಲಿರುವ ಫೋನನ್ನು ಜೇಬಿನಲ್ಲಿಟ್ಟು, ಫಲಕಗಳನ್ನು ಮಾತ್ರ ನೋಡಿಕೊಂಡು ಹೋಗಲು ಹೇಳಬೇಕು. ನಿವಾಸಿ ನಾಲ್ಕು ಹೆಜ್ಜೆ ಹಿಂದೆ ನಡೆಯಬೇಕು, ಸಹಾಯ ಮಾಡಬಾರದು, ಮುಂದಿರುವವರು ಎಲ್ಲಿ ನಿಂತರು, ಎಲ್ಲಿ ತಲೆ ತಿರುಗಿಸಿ ಸುತ್ತ ನೋಡಿದರು, ಎಲ್ಲಿ ತಪ್ಪಿದರು ಎಂಬುದನ್ನು ಬರೆದುಕೊಳ್ಳಬೇಕು. ದಾರಿ ತಪ್ಪುವುದನ್ನು ನೋಡಿಯೂ ಸುಮ್ಮನಿರುವುದು ಬಹಳ ಕಷ್ಟ. ಆದರೆ ಆ ಮೌನದಲ್ಲಿಯೇ ಇಪ್ಪತ್ತು ವರ್ಷ ಅದೇ ಬೀದಿಯಲ್ಲಿ ಬಾಳಿದವರು ತಮ್ಮ ಬೀದಿಯನ್ನು ಮೊದಲ ಸಲ ಬೇರೆಯವರ ಕಣ್ಣಿನಿಂದ ನೋಡುತ್ತಾರೆ.

ಒಂದು ಕೂಡುರಸ್ತೆಯನ್ನು ಹತ್ತಿರದಿಂದ ನೋಡೋಣ. ಮೂಲೆಯ ಕಂಬದಲ್ಲಿ ನಾಮಫಲಕವಿದೆ. ಕಚೇರಿಯ ದಾಖಲೆಯಲ್ಲಿ ಅದರ ಎದುರು ‘ಇದೆ’ ಎಂಬ ಗುರುತೂ ಇದೆ. ಆದರೆ ಅದು ಬೀದಿಗೆ ಸಮಾನಾಂತರವಾಗಿ ಗೋಡೆಗೆ ಒತ್ತಿಕೊಂಡಿರುವುದರಿಂದ, ಎದುರಿನಿಂದ ಬರುವವರಿಗೆ ಅದರ ಅಂಚು ಮಾತ್ರ ಕಾಣುತ್ತದೆ, ಬರಹ ಕಾಣುವುದು ದಾಟಿದ ಮೇಲೆ. ದಕ್ಷಿಣದಿಂದ ಬರುವವರಿಗೆ ವಿದ್ಯುತ್ ಪೆಟ್ಟಿಗೆ ಅಡ್ಡ. ಹಗಲಿನಲ್ಲಿ ಚೆನ್ನಾಗಿ ಕಾಣುವ ಹಾಳೆ ಕತ್ತಲಾದ ಮೇಲೆ ಸತ್ತಂತಿರುತ್ತದೆ. ಫಲಕದ ಮೇಲೆ ಅಂಟಿಸುವ ಪ್ರತಿಫಲಕ ಹಾಳೆಯೊಳಗಿನ ಸಣ್ಣ ಗಾಜಿನ ಮಣಿಗಳು ಅಥವಾ ಪಟ್ಟಕಗಳು ವಾಹನದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸಬೇಕು, ಬಿಸಿಲು ಮಳೆಗೆ ಹಾಳೆ ಹಳತಾದಂತೆ ಆ ಗುಣ ಕುಗ್ಗುತ್ತ ಹೋಗುತ್ತದೆ. ಕಚೇರಿಯ ವೇಳೆಯಲ್ಲಿ ತಪಾಸಣೆಗೆ ಬರುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ರಾತ್ರಿ ಮನೆಗೆ ಮರಳುವ ನಿವಾಸಿ ಮಾತ್ರ ಇದನ್ನು ಹೇಳಬಲ್ಲರು.

ಇನ್ನು ಅಕ್ಷರದ ಗಾತ್ರ. ಇದು ಅಭಿರುಚಿಯ ವಿಷಯವಲ್ಲ, ಲೆಕ್ಕದ ವಿಷಯ. ಅಕ್ಷರದ ಎತ್ತರ 1 ಅಂಗುಲವಿದ್ದರೆ ಅದು 30 ಅಡಿ ದೂರದಿಂದ ಓದಲು ಸಿಗುತ್ತದೆ ಎಂಬ ಅಳತೆಯನ್ನು ಅಮೆರಿಕದ ಸಂಚಾರ ಫಲಕಗಳ ಕೈಪಿಡಿ ಬಳಸುತ್ತದೆ. ಆ ಪ್ರಕಾರ 4 ಅಂಗುಲದ ಅಕ್ಷರ 120 ಅಡಿ, ಅಂದರೆ ಸುಮಾರು 36 ಮೀಟರ್ ದೂರದಿಂದ ಕಾಣುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ದಾಟುವುದರಿಂದ, ಓದಿ, ನಿರ್ಧರಿಸಿ, ಹಿಂದಿನವರಿಗೆ ಸೂಚನೆ ಕೊಟ್ಟು, ವೇಗ ತಗ್ಗಿಸಲು ಚಾಲಕನಿಗೆ ಉಳಿಯುವುದು ಎರಡೂವರೆ ಸೆಕೆಂಡು ಮಾತ್ರ. ಅಕ್ಷರವನ್ನು 6 ಅಂಗುಲಕ್ಕೆ ಏರಿಸಿದರೆ ಅದು ನಾಲ್ಕು ಸೆಕೆಂಡಾಗುತ್ತದೆ. ಈ ಅಳತೆ ರೋಮನ್ ಲಿಪಿಗೆ ಸಂಬಂಧಿಸಿದ್ದು. ಕನ್ನಡದಂತೆ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವ ಲಿಪಿಗಳಲ್ಲಿ ಫಲಕದ ಎತ್ತರ ಮೂಲಾಕ್ಷರ ಮತ್ತು ಒತ್ತುಗಳ ನಡುವೆ ಹಂಚಿಹೋಗುತ್ತದೆ. ಅಷ್ಟೇ ಎತ್ತರದ ಫಲಕದಲ್ಲಿ ಅಕ್ಷರ ಚಿಕ್ಕದಾಗುತ್ತದೆ. ಇದನ್ನು ಗಮನಿಸದೆ ಬೇರೆ ಲಿಪಿಗಾಗಿ ಮಾಡಿದ ಅಳತೆಯನ್ನು ಹಾಗೆಯೇ ತಂದು ಹಾಕಿದರೆ ಒತ್ತಕ್ಷರಗಳು ದೂರದಿಂದ ಬರಿಯ ಚುಕ್ಕೆಗಳಂತೆ ಕಾಣುತ್ತವೆ. ನಿವಾಸಿಗಳೊಂದಿಗೆ ಈ ಲೆಕ್ಕವನ್ನು ಹಂಚಿಕೊಂಡರೆ ಚರ್ಚೆಯ ಮಟ್ಟವೇ ಬದಲಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ‘ಫಲಕ ಚೆನ್ನಾಗಿಲ್ಲ’ ಎನ್ನುತ್ತಿದ್ದವರು ‘ಈ ತಿರುವಿನಲ್ಲಿ ಎರಡು ಸೆಕೆಂಡು ಸಾಲದು’ ಎನ್ನಲು ಕಲಿಯುತ್ತಾರೆ.

ಮುದ್ರಿಸುವ ಮೊದಲು ಸಾಮಾನ್ಯರ ಕಣ್ಣಿನಿಂದ ಪರೀಕ್ಷಿಸುವುದು ಹೊಸ ಮಾತೇನಲ್ಲ. ಬ್ರಿಟನ್ನಿನ ಇಂದಿನ ರಸ್ತೆ ಫಲಕಗಳನ್ನು ಜಾಕ್ ಕಿನಿಯರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ರೂಪಿಸುತ್ತಿದ್ದ ಕಾಲದಲ್ಲಿ, ಅವರ ಅಕ್ಷರಗಳನ್ನೂ ಪ್ರತಿಸ್ಪರ್ಧಿಯೊಬ್ಬರ ಅಕ್ಷರಗಳನ್ನೂ ಬೆನ್ಸನ್ ಎಂಬಲ್ಲಿನ ವಾಯುನೆಲೆಯಲ್ಲಿ ಹೋಲಿಸಿ ನೋಡಲಾಯಿತು. ಎತ್ತರದ ವೇದಿಕೆಯ ಮೇಲೆ ಸ್ವಯಂಸೇವಕರು ಸಾಲಾಗಿ ಕುಳಿತಿದ್ದರು. ತಲೆಯ ಮೇಲೆ ಫಲಕ ಹೊತ್ತ ಕಾರು ದೂರದಿಂದ ಅವರ ಕಡೆಗೆ ಬರುತ್ತಿತ್ತು. ಯಾವ ದೂರದಲ್ಲಿ ಬರಹ ಓದಲು ಸಿಕ್ಕಿತು ಎಂಬುದನ್ನು ದಾಖಲಿಸಲಾಗುತ್ತಿತ್ತು. ಆ ಫಲಕ ವ್ಯವಸ್ಥೆ 1965ರ ಜನವರಿ 1ರಂದು ಜಾರಿಗೆ ಬಂತು. ಒಂದು ಬಡಾವಣೆಯ ಮಟ್ಟದಲ್ಲಿ ಇದನ್ನು ಮಾಡಲು ವಾಯುನೆಲೆ ಬೇಕಿಲ್ಲ. ರಟ್ಟಿನ ಮೇಲೆ ನಿಜವಾದ ಗಾತ್ರದಲ್ಲಿ ಬರೆದ ಮಾದರಿಯನ್ನು ಅದೇ ಕಂಬಕ್ಕೆ ಒಂದು ವಾರ ಕಟ್ಟಿ, ಎಂದಿನ ವೇಗದಲ್ಲಿ ಬಂದವರು ಎಲ್ಲಿ ಓದಬಲ್ಲರು ಎಂದು ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿದರೆ ಸಾಕು. ಲೋಹದ ಫಲಕ ಸಿದ್ಧವಾದ ಮೇಲೆ ತಪ್ಪು ಸಿಕ್ಕರೆ ತಿದ್ದಲು ಯಾರಿಗೂ ಮನಸ್ಸು ಬರುವುದಿಲ್ಲ. ರಟ್ಟನ್ನು ಹರಿದುಹಾಕಲು ಯಾರೂ ಹಿಂಜರಿಯುವುದಿಲ್ಲ.

ಅದೇ ಕ್ಯಾಲ್ವರ್ಟ್ ಅವರು ಶಾಲೆಯ ಬಳಿಯ ಎಚ್ಚರಿಕೆ ಚಿತ್ರವನ್ನು ಬದಲಿಸಿದ್ದು ಇಲ್ಲಿ ನೆನೆಯಬೇಕಾದ ಸಂಗತಿ. ಹಳೆಯ ಚಿತ್ರದಲ್ಲಿ ಹುಡುಗನೊಬ್ಬ ಹುಡುಗಿಯನ್ನು ಕರೆದೊಯ್ಯುತ್ತಿದ್ದ. ಹೊಸದರಲ್ಲಿ ಹುಡುಗಿ ತನಗಿಂತ ಚಿಕ್ಕ ಹುಡುಗನ ಕೈ ಹಿಡಿದು ನಡೆಸುತ್ತಾಳೆ. ಚಿಹ್ನೆ ಸಾರುವ ಎಚ್ಚರಿಕೆ ಒಂದೇ ಆದರೂ ಅದರೊಳಗೆ ಯಾರು ಇದ್ದಾರೆ, ಹೇಗಿದ್ದಾರೆ ಎಂಬುದನ್ನು ದಿನವೂ ನೋಡುವ ಮಕ್ಕಳು ಗಮನಿಸುತ್ತಾರೆ.

ಹೆಸರುಗಳ ವಿಷಯಕ್ಕೆ ಬಂದರೆ ಕೆಲಸ ನಾಜೂಕಾಗುತ್ತದೆ. ಒಂದೇ ಬೀದಿಗೆ ದಾಖಲೆಯಲ್ಲಿ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು, ಇತ್ತೀಚೆಗೆ ಯಾರದೋ ಗೌರವಾರ್ಥ ಇಟ್ಟದ್ದು ಮತ್ತೊಂದು ಇರುವುದು ಸಾಮಾನ್ಯ. ಫಲಕ ದಾಖಲೆಯ ಹೆಸರನ್ನು ಮಾತ್ರ ಹೇಳಿದರೆ, ದಾರಿ ಕೇಳಿದವರಿಗೆ ಜನ ಹೇಳುವ ಹೆಸರು ಎಲ್ಲಿಯೂ ಬರೆದಿರುವುದಿಲ್ಲ. ಕಾಗುಣಿತವಂತೂ ಒಂದು ಮೂಲೆಯಲ್ಲಿ ಒಂದು ಬಗೆ, ಇನ್ನೊಂದು ಮೂಲೆಯಲ್ಲಿ ಇನ್ನೊಂದು ಬಗೆ. ಭಾಷೆ ಎರಡಾದಾಗ ಅಪಾಯ ಇನ್ನೂ ಹೆಚ್ಚು. 2008ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ, ಭಾರಿ ವಾಹನಗಳಿಗೆ ಪ್ರವೇಶವಿಲ್ಲ ಎಂಬ ಇಂಗ್ಲಿಷ್ ಬರಹದ ಕೆಳಗೆ ವೆಲ್ಷ್ ಭಾಷೆಯಲ್ಲಿ ‘ನಾನು ಸದ್ಯ ಕಚೇರಿಯಲ್ಲಿಲ್ಲ, ಅನುವಾದಿಸಬೇಕಾದ ಕೆಲಸವಿದ್ದರೆ ಕಳುಹಿಸಿ’ ಎಂದು ಮುದ್ರಿಸಿ ನಿಲ್ಲಿಸಲಾಗಿತ್ತು. ಅನುವಾದಕರ ಇಮೇಲ್‌ನಿಂದ ತಾನಾಗಿ ಬಂದ ಉತ್ತರವನ್ನೇ ಅನುವಾದವೆಂದು ತಿಳಿದದ್ದು ಇದಕ್ಕೆ ಕಾರಣ. ಬರೆಸಿದವರಿಂದ ಮುದ್ರಿಸಿದವರವರೆಗೆ ಆ ಸರಪಳಿಯಲ್ಲಿ ಆ ಭಾಷೆಯನ್ನು ಓದಬಲ್ಲ ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಮುದ್ರಣಕ್ಕೆ ಮುನ್ನ ಕರಡನ್ನು ಆ ಬೀದಿಯ ನಿವಾಸಿಗಳಿಗೆ ಒಂದು ದಿನದ ಮಟ್ಟಿಗೆ ತೋರಿಸುವುದು ಇಂಥ ತಪ್ಪುಗಳಿಗೆಲ್ಲ ಅತ್ಯಂತ ಸುಲಭದ ತಡೆ.

ಪಾದಚಾರಿಗಳ ಫಲಕಗಳಲ್ಲಿ ಲಂಡನ್ ನಗರದ ಅನುಭವ ಉಪಯುಕ್ತ. ಒಂದು ಕಾಲಕ್ಕೆ ಅದರ ಕೇಂದ್ರ ಭಾಗದಲ್ಲಿಯೇ ಪಾದಚಾರಿಗಳಿಗೆಂದು 32 ಬೇರೆ ಬೇರೆ ಫಲಕ ವ್ಯವಸ್ಥೆಗಳಿದ್ದವು. ಜನರು ಯಾವುದನ್ನೂ ನಂಬದೆ ನೆಲದಡಿಯ ರೈಲಿನ ನಕ್ಷೆಯಿಂದ ದೂರವನ್ನು ಅಂದಾಜು ಮಾಡುತ್ತಿದ್ದರು. ಆ ನಕ್ಷೆಯಲ್ಲಿ ದೂರಗಳು ನೆಲದ ಮೇಲಿನ ದೂರಗಳಿಗೆ ಹೊಂದುವುದಿಲ್ಲವಾದ್ದರಿಂದ, ನಡೆದೇ ತಲುಪಬಹುದಾದ ಕಡೆಗೂ ರೈಲು ಹತ್ತುತ್ತಿದ್ದರು. 2007ರಲ್ಲಿ ಬಾಂಡ್ ಸ್ಟ್ರೀಟ್ ಸುತ್ತಮುತ್ತ ಹೊಸ ಮಾದರಿಯನ್ನು ಮೊದಲು ಒಂದು ಚಿಕ್ಕ ಪ್ರದೇಶದಲ್ಲಿ ನಿಲ್ಲಿಸಿ, ಬಳಸಿದವರನ್ನು ಕೇಳಿ, ಆಮೇಲೆ ವಿಸ್ತರಿಸಲಾಯಿತು. ಅದರ ನಕ್ಷೆಯಲ್ಲಿ ಉತ್ತರ ದಿಕ್ಕು ಮೇಲಿರುವುದಿಲ್ಲ. ಫಲಕದ ಮುಂದೆ ನಿಂತವರ ಎದುರಿಗೆ ಏನಿದೆಯೋ ಅದೇ ಮೇಲಿರುತ್ತದೆ. ಐದು ನಿಮಿಷದ ನಡಿಗೆಯ ಅಳತೆಯನ್ನು ವೃತ್ತವಾಗಿ ಬರೆಯಲಾಗಿದೆ. ‘ಎಷ್ಟು ದೂರ’ ಎಂದು ಕೇಳಿದರೆ ‘ಐದು ನಿಮಿಷದ ದಾರಿ’ ಎನ್ನುವ ಜನರ ಮಾತನ್ನೇ ಫಲಕವೂ ಆಡುತ್ತದೆ.

ನಿವಾಸಿಗಳು ಎಂದಾಗ ಯಾರು ಬರುತ್ತಾರೆ ಎಂಬ ಪ್ರಶ್ನೆಯನ್ನು ತೇಲಿಸಿಬಿಡಬಾರದು. ಸಭೆ ಕರೆದರೆ ಬಿಡುವಿರುವವರು, ಮಾತು ಬಲ್ಲವರು ಬರುತ್ತಾರೆ. ಬಾಡಿಗೆಗೆ ಇತ್ತೀಚೆಗೆ ಬಂದವರು, ಬೇರೆ ಭಾಷೆಯವರು, ಒಬ್ಬರೇ ಶಾಲೆಗೆ ನಡೆದುಹೋಗುವ ಮಕ್ಕಳು, ಗಾಲಿಕುರ್ಚಿಯಲ್ಲಿ ಓಡಾಡುವವರು, ದೃಷ್ಟಿ ಮಂದವಾದ ವೃದ್ಧರು ಬರುವುದಿಲ್ಲ. ಫಲಕದ ಅಗತ್ಯ ಹೆಚ್ಚಾಗಿರುವುದು ಅವರಿಗೇ. ಅವರನ್ನು ಕರೆಯುವುದಕ್ಕಿಂತ ಅವರಿದ್ದಲ್ಲಿಗೆ ಹೋಗುವುದು ಸರಿಯಾದ ದಾರಿ. ಸಿಡ್ನಿ ನಗರಾಡಳಿತ ಸಂಚಾರ ದೀಪಗಳಿರುವ ದಾಟುಜಾಗಗಳಲ್ಲಿ ಬ್ರೈಲ್ ಮತ್ತು ಉಬ್ಬು ಅಕ್ಷರಗಳಲ್ಲಿ ಬೀದಿಯ ಹೆಸರಿರುವ 2 ಸಾವಿರಕ್ಕೂ ಹೆಚ್ಚು ಫಲಕಗಳನ್ನು ಹಾಕಿದೆ. ಅವು ಇರುವುದು ದಾಟಲು ಒತ್ತುವ ಗುಂಡಿಯ ಪಕ್ಕದಲ್ಲಿ. ಕಾಣದವರು ಫಲಕವನ್ನು ಹುಡುಕಿಕೊಂಡು ಕಂಬಕಂಬವನ್ನು ತಡಕಲಾರರು, ಆದರೆ ಗುಂಡಿಗಾಗಿ ಅವರ ಕೈ ಹೇಗೂ ಅಲ್ಲಿಗೆ ಹೋಗುತ್ತದೆ. ಇಷ್ಟು ಸಣ್ಣ, ಇಷ್ಟು ನಿರ್ಣಾಯಕವಾದ ಸಂಗತಿ ಆ ಅನುಭವವಿರುವವರೊಡನೆ ಮಾತನಾಡದೆ ಹೊಳೆಯುವುದು ಅಪರೂಪ.

ಕೇಳುವುದಕ್ಕೂ ಕಿವಿಗೊಡುವುದಕ್ಕೂ ಇರುವ ಅಂತರವನ್ನು 1969ರಲ್ಲಿಯೇ ಆಡಳಿತದಲ್ಲಿ ಜನರ ಪಾಲ್ಗೊಳ್ಳುವಿಕೆಯ ಬಗ್ಗೆ ಬರೆದ ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ ಎಂಟು ಮೆಟ್ಟಿಲುಗಳ ಏಣಿಯ ರೂಪದಲ್ಲಿ ವಿವರಿಸಿದ್ದರು: ಕೆಳಗಿನ ಮೆಟ್ಟಿಲುಗಳಲ್ಲಿ ಜನರನ್ನು ಒಪ್ಪಿಸುವ ನಾಟಕ, ನಡುವೆ ಮಾಹಿತಿ ಮತ್ತು ಸಮಾಲೋಚನೆ, ಮೇಲೆ ನಿಜವಾದ ಅಧಿಕಾರದ ಹಂಚಿಕೆ. ಫಲಕಗಳ ಮಟ್ಟಿಗೆ ಈ ಏಣಿಯನ್ನು ಏರಿದ್ದೇವೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು. ಹೇಳಿದವರಿಗೆ ಉತ್ತರ ಬಂತೇ? ಬ್ರಿಟನ್ನಿನಲ್ಲಿ 2007ರಲ್ಲಿ ಆರಂಭವಾದ ಫಿಕ್ಸ್‌ಮೈಸ್ಟ್ರೀಟ್ ಎಂಬ ದೂರು ವ್ಯವಸ್ಥೆಯ ಬಲ ಇರುವುದು ಇಲ್ಲಿಯೇ. ನಕ್ಷೆಯ ಮೇಲೆ ಜಾಗವನ್ನು ಗುರುತಿಸಿದರೆ ಅದು ಯಾವ ಆಡಳಿತಕ್ಕೆ ಸೇರಿದ್ದು ಎಂಬುದನ್ನು ತಾನೇ ಕಂಡುಕೊಂಡು ಅಲ್ಲಿಗೆ ಕಳುಹಿಸುತ್ತದೆ, ದೂರು ಮತ್ತು ಅದರ ಗತಿ ಎಲ್ಲರಿಗೂ ಕಾಣುತ್ತದೆ. ಇದಕ್ಕೆ ಪೂರಕವಾಗಿ ಪ್ರತಿ ಕಂಬದ ಹಿಂಬದಿಯಲ್ಲಿ ಒಂದು ಸಂಖ್ಯೆ ಬರೆದಿಟ್ಟರೆ, ‘ದೊಡ್ಡ ಮರದ ಹತ್ತಿರದ ಬಾಗಿದ ಫಲಕ’ ಎನ್ನುವ ಬದಲು ಆ ಸಂಖ್ಯೆಯನ್ನೇ ಹೇಳಬಹುದು.

ಜನರನ್ನು ಕೇಳಿದಾಗ ಬರುವ ಬೇಡಿಕೆಗಳು ಬಹುಪಾಲು ಹೊಸ ಫಲಕ ಹಾಕಿ ಎಂಬುದೇ ಆಗಿರುತ್ತವೆ ಎಂಬ ಎಚ್ಚರವೂ ಬೇಕು. ಇಂಗ್ಲೆಂಡಿನಲ್ಲಿ 1993ರಲ್ಲಿ ಸುಮಾರು 24.5 ಲಕ್ಷವಿದ್ದ ಸಂಚಾರ ಫಲಕಗಳು 2013ರ ವೇಳೆಗೆ 45.7 ಲಕ್ಷಕ್ಕೆ ಏರಿದ್ದವು. ಒಂದೊಂದು ಫಲಕಕ್ಕೂ ಅದರದೇ ಕಾರಣವಿದ್ದಿರಬಹುದು, ಆದರೆ ಐದು ಫಲಕಗಳ ನಡುವೆ ನಿಂತ ಆರನೆಯದನ್ನು ಯಾರೂ ಓದುವುದಿಲ್ಲ. ಆದ್ದರಿಂದ ನಡೆದು ನೋಡುವ ಜೋಡಿಗಳ ಕೈಯಲ್ಲಿ ಎರಡು ಪಟ್ಟಿಗಳಿರಬೇಕು: ಬೇಕಾದವು ಒಂದರಲ್ಲಿ, ತೆಗೆಯಬೇಕಾದವು ಇನ್ನೊಂದರಲ್ಲಿ. ಎರಡನೆಯ ಪಟ್ಟಿಯನ್ನು ತುಂಬಿಸಲು ಹೆಚ್ಚು ಧೈರ್ಯ ಬೇಕು.

ಆಡಳಿತದ ಬಾಗಿಲು ತೆರೆಯದಿದ್ದಾಗ ಜನರು ತಾವೇ ಫಲಕ ಹಾಕಿದ ಉದಾಹರಣೆಗಳಿವೆ. ಇದನ್ನು ಅನುಸರಿಸಿ ಎಂದು ನಾನು ಹೇಳುವುದಿಲ್ಲ. ಅನುಮತಿಯಿಲ್ಲದ ಫಲಕ ಅಪಾಯವನ್ನೂ ತರಬಹುದು. ಆದರೆ ಅವುಗಳಿಂದ ಆಡಳಿತ ಕಲಿಯುವುದಿದೆ. 2012ರ ಆರಂಭದಲ್ಲಿ ಅಮೆರಿಕದ ರಾಲಿ ನಗರದಲ್ಲಿ ಮ್ಯಾಟ್ ಟೊಮಾಸುಲೊ ಎಂಬ ವಿದ್ಯಾರ್ಥಿ ಮತ್ತು ಗೆಳೆಯರು, ಇಂಥಲ್ಲಿಗೆ ಇಷ್ಟು ನಿಮಿಷದ ನಡಿಗೆ ಎಂದು ಬರೆದ 27 ಫಲಕಗಳನ್ನು ಕಂಬಗಳಿಗೆ ಕಟ್ಟಿದರು. ಅನುಮತಿ ಇರಲಿಲ್ಲವಾದ್ದರಿಂದ ನಗರಾಡಳಿತ ಅವುಗಳನ್ನು ತೆಗೆಸಿತು. ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿ ಬೆಂಬಲಿಸಿದ ಮೇಲೆ ಅದೇ ಆಡಳಿತ ಅವುಗಳನ್ನು ಪ್ರಾಯೋಗಿಕ ಯೋಜನೆಯಾಗಿ ಒಪ್ಪಿಕೊಂಡು ಮತ್ತೆ ಕಟ್ಟಿಸಿತು.

ಅದಕ್ಕೂ ಹಿಂದೆ ಲಾಸ್ ಏಂಜಲೀಸ್‌ನಲ್ಲಿ ರಿಚರ್ಡ್ ಆಂಕ್ರಮ್ ಎಂಬ ಕಲಾವಿದ 110ನೇ ಹೆದ್ದಾರಿಯಿಂದ 5ನೇ ಹೆದ್ದಾರಿಗೆ ಉತ್ತರದ ಕಡೆ ತಿರುಗುವ ಜಾಗದ ಮೇಲ್ಫಲಕದಲ್ಲಿ ಆ ಹೆದ್ದಾರಿಯ ಗುರುತೇ ಇಲ್ಲದೆ ಅನೇಕರು ದಾರಿ ತಪ್ಪುತ್ತಿದ್ದುದನ್ನು ಗಮನಿಸಿದ್ದರು, ತಾವೂ ಒಮ್ಮೆ ತಪ್ಪಿದ್ದರು. ಸರ್ಕಾರಿ ಕೈಪಿಡಿಯ ಅಳತೆ, ಬಣ್ಣ, ಅಕ್ಷರಗಳನ್ನೇ ಚಾಚೂ ತಪ್ಪದೆ ಪಾಲಿಸಿ ‘5’ ಎಂಬ ಗುರಾಣಿ ಚಿಹ್ನೆಯನ್ನೂ ‘ಉತ್ತರ’ ಎಂಬ ಪದವನ್ನೂ ಲೋಹದಲ್ಲಿ ಮಾಡಿಕೊಂಡು, 2001ರ ಆಗಸ್ಟ್ 5ರಂದು ಮೇಲೆ ಹತ್ತಿ ಕೂಡಿಸಿದರು. ತಿಂಗಳುಗಳ ಕಾಲ ಇಲಾಖೆಯ ಗಮನಕ್ಕೆ ಅದು ಬರಲಿಲ್ಲ. ಬಂದ ಮೇಲೆ ಪರಿಶೀಲಿಸಿ, ಹಾಗೆಯೇ ಬಿಟ್ಟಿತು. 2009ರಲ್ಲಿ ಇಡೀ ಫಲಕವನ್ನು ಬದಲಿಸಿದಾಗ ಆ ಎರಡೂ ಸೂಚನೆಗಳನ್ನು ಹೊಸ ಫಲಕದಲ್ಲಿ ಇಲಾಖೆಯೇ ಮುದ್ರಿಸಿ ಹಾಕಿತು.